ಪರಿಹಾರ ಶಿಬಿರದ ಯೋಜನೆ: ಮೊದಲು ಹಾಜರಾತಿ ಪುಸ್ತಕ ತೆರೆಯಿರಿ

ವಿಪತ್ತು ನಿರ್ವಹಣಾ ಯೋಜನೆಯೊಂದು ಕೈಗೆ ಬಂದರೆ ನಾನು ನಕ್ಷೆಗಿಂತ ಮೊದಲು ಸಭೆಯ ಹಾಜರಾತಿ ನೋಡುತ್ತೇನೆ. ಮಹಿಳೆಯರ, ಅಂಗವಿಕಲರ ಸಹಿ ಇಲ್ಲದಿದ್ದರೆ ಒಳಗೆ ಏನೇನು ಬಿಟ್ಟುಹೋಗಿದೆ ಎಂದು ಓದದೆಯೇ ಹೇಳಬಹುದು. ಸಭೆಯನ್ನು ನೆಲಮಹಡಿಯಲ್ಲಿ, ಮನೆಗೆಲಸ ಮುಗಿಯುವ ಹೊತ್ತಿಗೆ, ಸಂಜ್ಞಾ ಭಾಷೆಯ ದುಭಾಷಿಯನ್ನು ಕರೆಸಿ ನಡೆಸಿ. ಒಬ್ಬಳೇ ಮಹಿಳೆಯನ್ನು ಕೂರಿಸಿದರೆ ಆಕೆ ಬಾಯಿ ತೆರೆಯುವುದು ಕಷ್ಟ. ಮೂರ್ನಾಲ್ಕು ಮಂದಿ ಇರಲಿ.

ನೆರವು ಬೇಕಾದವರ ಪಟ್ಟಿ ಮಾಡುವಾಗ ‘ಮನೆಯಲ್ಲಿ ಅಂಗವಿಕಲರಿದ್ದಾರೆಯೇ?’ ಎಂದು ಕೇಳಬೇಡಿ. ಸಂಕೋಚಕ್ಕೆ ‘ಇಲ್ಲ’ ಎನ್ನುವವರೇ ಬಹಳ. ಅಂಗವೈಕಲ್ಯದ ಅಂಕಿಅಂಶಕ್ಕಾಗಿ ವಿಶ್ವಸಂಸ್ಥೆಯಡಿ ಇರುವ ತಜ್ಞರ ತಂಡ ವಾಷಿಂಗ್ಟನ್ ಗ್ರೂಪ್ ರೂಪಿಸಿದ 6 ಪ್ರಶ್ನೆಗಳನ್ನು ಬಳಸಿ: ನೋಡಲು, ಕೇಳಲು, ನಡೆಯಲು, ನೆನಪಿಡಲು, ಸ್ನಾನ ಮಾಡಿ ಬಟ್ಟೆ ತೊಡಲು, ಮಾತು ತಿಳಿಸಲು ಎಷ್ಟು ಕಷ್ಟ? ಗರ್ಭಿಣಿಯರು, ನಿತ್ಯದ ಔಷಧ, ಹೊರಡಲು ನೆರವಾಗುವ ಇಬ್ಬರ ಹೆಸರು ಸಹ ಅದೇ ಹಾಳೆಯಲ್ಲಿರಲಿ. ಆದರೆ ಪಟ್ಟಿಯನ್ನು ಗೋಡೆಗೆ ಅಂಟಿಸಬೇಡಿ. ಒಂಟಿ ಮಹಿಳೆಯರ ವಿಳಾಸ ಯಾರ ಕಣ್ಣಿಗೆ ಬೀಳುತ್ತದೋ!

ಸೈರನ್ ಜೊತೆಗೆ ದೀಪದ ಸೂಚನೆ, ಮೊಬೈಲ್ ಸಂದೇಶ, ಬಾಗಿಲು ತಟ್ಟುವ ಜನ, ಮೂರೂ ಬೇಕು. ದೋಣಿ ಹತ್ತಿಸುವಾಗ ಗಾಲಿಕುರ್ಚಿ, ಊರುಗೋಲು, ಶ್ರವಣಯಂತ್ರವನ್ನು ‘ಸಾಮಾನು’ ಎಂದು ಬಿಟ್ಟು ಬರಬಾರದು. ಅವಿಲ್ಲದೆ ಬದುಕುಳಿದವರು ಶಿಬಿರದಲ್ಲಿ ಮೂಲೆ ಸೇರುತ್ತಾರೆ.

ಶಿಬಿರದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದದ್ದು ಶೌಚಾಲಯದ ಬಗ್ಗೆ. ಪರಿಹಾರ ಕಾರ್ಯಕ್ಕೆ ಅಂತರರಾಷ್ಟ್ರೀಯ ಕನಿಷ್ಠ ಮಟ್ಟ ಹೇಳುವ ಸ್ಫಿಯರ್ ಮಾನದಂಡದಂತೆ 20 ಜನರಿಗೆ ಒಂದು, ಪುರುಷರಿಗೆ ಒಂದಿದ್ದರೆ ಮಹಿಳೆಯರಿಗೆ ಮೂರು, ವಾಸದ ಜಾಗದಿಂದ 50 ಮೀಟರ್ ಒಳಗೆ. ಒಳಗಿನಿಂದ ಹಾಕುವ ಚಿಲಕ ಇರಲೇಬೇಕು; ದೀಪ ಒಳಗಷ್ಟೇ ಅಲ್ಲ, ದಾರಿಯುದ್ದಕ್ಕೂ ಇರಲಿ. ಕತ್ತಲಿಗೆ ಹೆದರಿ ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಡುವ ಮಹಿಳೆಯರಿದ್ದಾರೆ. ಇಳಿಜಾರು ದಾರಿ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದವಿರಬೇಕು. ಮೆಟ್ಟಿಲ ಮೇಲೆ ಹಲಗೆ ಒರಗಿಸಿದರೆ ಅದು ಜಾರುಬಂಡೆ. ಮುಟ್ಟಿನ ಪ್ಯಾಡ್‌ಗಳನ್ನು ಮಹಿಳೆಯರೇ ಹಂಚಲಿ; ಒಳ ಉಡುಪು, ಸಾಬೂನು, ಬಳಸಿದ್ದನ್ನು ಹಾಕಲು ಮುಚ್ಚಳದ ಬುಟ್ಟಿಯೂ ಬೇಕು. ಬಟ್ಟೆ ಬಳಸುವವರಿಗೆ ಅದನ್ನು ಒಣಗಿಸಲು ಮರೆಯಾದ ಜಾಗ ಕೊಡಿ.

ಪರಿಹಾರ ಸಾಮಗ್ರಿಯನ್ನು ‘ಮನೆಯ ಯಜಮಾನ’ನ ಹೆಸರಿಗೆ ಮಾತ್ರ ಬರೆದರೆ ವಿಧವೆಯರು, ಪರಿತ್ಯಕ್ತೆಯರು ಹೊರಗುಳಿಯುತ್ತಾರೆ. ನಿಲ್ಲಲಾಗದವರಿಗೆ ಪ್ರತ್ಯೇಕ ಸರದಿ ಇಡಿ, ಇಲ್ಲವೇ ಅವರಿರುವಲ್ಲಿಗೇ ತಲುಪಿಸಿ.

ಇಷ್ಟಾದ ಮೇಲೆ ಅಣಕು ಕಾರ್ಯಾಚರಣೆ. ಗಟ್ಟಿಮುಟ್ಟಾದ ಸ್ವಯಂಸೇವಕನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಫೋಟೊ ತೆಗೆಸಿಕೊಳ್ಳುವ ಚಾಳಿ ಬೇಡ. ನಿತ್ಯ ಗಾಲಿಕುರ್ಚಿ ಬಳಸುವವರನ್ನೇ ಕರೆಯಿರಿ, ಅವರ ಸಮಯಕ್ಕೆ ಸಂಭಾವನೆ ಕೊಡಿ, ಒಮ್ಮೆಯಾದರೂ ರಾತ್ರಿ ನಡೆಸಿ. ಎಲ್ಲಿ ಸಿಕ್ಕಿಕೊಂಡರು ಎಂದು ಅವರೇ ಹೇಳಲಿ, ಅದನ್ನು ಯೋಜನೆಯಲ್ಲಿ ಅಂದೇ ತಿದ್ದಿ.