ಮಲದ ಡಿಎನ್ಎ ಪರೀಕ್ಷೆ: ಮಾದರಿ ಕೆಡದಂತೆ ತೆಗೆಯುವುದು ಹೇಗೆ?

ದೊಡ್ಡಕರುಳಿನ ಒಳಪದರದ ಕೋಶಗಳು ದಿನವೂ ಉದುರಿ ಮಲದೊಂದಿಗೆ ಹೊರಬೀಳುತ್ತವೆ. ಒಳಗೆ ಕ್ಯಾನ್ಸರ್ ಗಡ್ಡೆಯೋ ದೊಡ್ಡ ಪಾಲಿಪ್ಪೋ (ಒಳಪದರದಲ್ಲಿ ಬೆಳೆಯುವ ಗಂಟು) ಇದ್ದರೆ ಅದರ ಕೋಶಗಳೂ ಅವುಗಳಲ್ಲಿ ಸೇರಿರುತ್ತವೆ. ಅಮೆರಿಕದಲ್ಲಿ 2014ರಲ್ಲಿ ಅನುಮತಿ ಪಡೆದ ಕೊಲೊಗಾರ್ಡ್ ಪರೀಕ್ಷೆ ಆ ಕೋಶಗಳ ಡಿಎನ್ಎಯಲ್ಲಾದ ಬದಲಾವಣೆಗಳನ್ನೂ ಕಣ್ಣಿಗೆ ಕಾಣದ ರಕ್ತವನ್ನೂ ಒಟ್ಟಿಗೆ ಹುಡುಕುತ್ತದೆ. ಇದರ ಕಿಟ್ ತರಿಸಿಕೊಂಡು ಮನೆಯಲ್ಲೇ ಮಾದರಿ ತೆಗೆದು ಕೊರಿಯರ್‌ನಲ್ಲಿ ಪ್ರಯೋಗಾಲಯಕ್ಕೆ ಕಳಿಸಬೇಕು.

ಇದು 45 ವರ್ಷ ತುಂಬಿದ, ಯಾವ ಲಕ್ಷಣವೂ ಇಲ್ಲದ, ಸಾಮಾನ್ಯ ಅಪಾಯದವರಿಗೆ. ಮೂರು ವರ್ಷಕ್ಕೊಮ್ಮೆ ಮಾಡಿಸಬೇಕು. ಹಿಂದೆ ಅಡಿನೋಮಾ ಪಾಲಿಪ್ (ಕ್ಯಾನ್ಸರ್ ಆಗಬಲ್ಲ ಬಗೆಯದು) ಸಿಕ್ಕಿದ್ದವರು, ಕರುಳಿನ ಉರಿಯೂತ ಕಾಯಿಲೆಯವರು, ಲಿಂಚ್ ಸಿಂಡ್ರೋಮ್ (ಕರುಳಿನ ಕ್ಯಾನ್ಸರ್ ಅಪಾಯ ಹೆಚ್ಚಿಸುವ ಆನುವಂಶಿಕ ದೋಷ) ಇರುವವರು ಇದನ್ನು ನೆಚ್ಚಬಾರದು; ಅವರಿಗೆ ಕ್ಯಾಮೆರಾ ಕೊಳವೆಯಿಂದ ಕರುಳಿನ ಒಳಗನ್ನು ನೋಡುವ ಕೊಲೊನೋಸ್ಕೋಪಿಯೇ ಸರಿ. ಮಲದಲ್ಲಿ ರಕ್ತ ಕಾಣುತ್ತಿದ್ದರೆ ಕಿಟ್ ತರಿಸುವುದು ಬಿಟ್ಟು ನೇರ ವೈದ್ಯರ ಬಳಿ ಹೋಗಿ.

ಪಥ್ಯ ಬೇಡ, ಕರುಳು ಖಾಲಿ ಮಾಡುವ ಭೇದಿಯ ಔಷಧ ಬೇಡ. ದಿನ ಮಾತ್ರ ನೋಡಿ ಆರಿಸಿ. ಭೇದಿಯಾಗುತ್ತಿರುವಾಗ, ಮುಟ್ಟಿನ ದಿನಗಳಲ್ಲಿ, ಮೂಲವ್ಯಾಧಿಯಿಂದ ರಕ್ತ ಬರುತ್ತಿರುವಾಗ ಮಾದರಿ ತೆಗೆಯಬೇಡಿ. ಆ ರಕ್ತ ಫಲಿತಾಂಶವನ್ನು ದಾರಿ ತಪ್ಪಿಸುತ್ತದೆ. ಕೊರಿಯರ್ ರಜೆಯ ಹಿಂದಿನ ದಿನವೂ ಬೇಡ.

ಮೊದಲು ಮೂತ್ರ ಮಾಡಿ ಮುಗಿಸಿ. ಕಮೋಡಿನ ಸೀಟಿನಡಿ ಕಿಟ್‌ನಲ್ಲಿರುವ ಚೌಕಟ್ಟು ಇಟ್ಟು, ಅದರಲ್ಲಿ ಡಬ್ಬಿ ಕೂರಿಸಿ, ಅದರೊಳಕ್ಕೇ ಮಲ ವಿಸರ್ಜಿಸಿ. ಮೂತ್ರ, ಕಾಗದ ಬೀಳಕೂಡದು. ಮುಂದಿನ ಎರಡು ಹೆಜ್ಜೆಗಳ ಕ್ರಮ ತಪ್ಪಬಾರದು. ಸಣ್ಣ ಕೊಳವೆಯ ಮುಚ್ಚಳಕ್ಕಂಟಿದ ಕಡ್ಡಿಯಿಂದ ಮಲದ ಮೇಲ್ಮೈಯನ್ನು ಬೇರೆ ಬೇರೆ ಕಡೆ ಕೆರೆಯಿರಿ. ಕಡ್ಡಿಯ ತುದಿಯ ಗೀರುಗಳಿಗೆ ಹತ್ತಿದಷ್ಟು ಸಾಕು. ಕೊಳವೆಗೆ ಹಾಕಿ ಬಿಗಿದು ಮುಚ್ಚಿ. ಇದು ರಕ್ತ ಪತ್ತೆಗೆ. ಆಮೇಲಷ್ಟೇ ಡಿಎನ್ಎ ಕೆಡದಂತೆ ಕಾಯುವ ದ್ರವವನ್ನು ಬಾಟಲಿ ಖಾಲಿಯಾಗುವವರೆಗೆ ಡಬ್ಬಿಗೆ ಸುರಿಯಿರಿ. ದ್ರವ ಸುರಿದ ಮೇಲೆ ಕೆರೆದರೆ ರಕ್ತದ ಪರೀಕ್ಷೆಗೆ ಬೇಕಾದ ಮಾದರಿ ಕೈತಪ್ಪಿದಂತೆಯೇ.

ಡಬ್ಬಿಯ ಮುಚ್ಚಳ ಪೂರ್ತಿ ತಿರುಗಿಸಿ ಬಿಗಿಯಿರಿ. ಕೊಳವೆ, ಡಬ್ಬಿ ಎರಡರ ಚೀಟಿಯಲ್ಲೂ ಹೆಸರು, ಜನ್ಮದಿನಾಂಕ, ಮಾದರಿ ತೆಗೆದ ದಿನ ಮತ್ತು ಸಮಯ ಬರೆಯಿರಿ. ಇಷ್ಟೆಲ್ಲ ಸರಿಯಾಗಿ ಮಾಡಿ ದಿನಾಂಕ ಬರೆಯಲು ಮರೆತರೂ ಮಾದರಿ ತಿರಸ್ಕೃತವಾಗಬಹುದು. ಪೆಟ್ಟಿಗೆ ಅಂದೇ, ತಡವಾದರೆ ಮರುದಿನ ಹೊರಡಲಿ.

2014ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಇದು ಕ್ಯಾನ್ಸರ್‌ಗಳಲ್ಲಿ ಶೇ 92.3ರಷ್ಟನ್ನು ಹಿಡಿಯಿತು, ರಕ್ತವನ್ನಷ್ಟೇ ಹುಡುಕುವ ಫಿಟ್ ಪರೀಕ್ಷೆ ಹಿಡಿದದ್ದು ಶೇ 73.8. ಆದರೆ ಮುಂದುವರಿದ, ಅಂದರೆ ಕ್ಯಾನ್ಸರ್ ಆಗುವ ಅಪಾಯ ಹೆಚ್ಚಿರುವ, ಪಾಲಿಪ್‌ಗಳಲ್ಲಿ ಇದಕ್ಕೆ ಸಿಕ್ಕಿದ್ದು ಶೇ 42.4ರಷ್ಟು ಮಾತ್ರ. ಹಾಗಾಗಿ 'ನೆಗೆಟಿವ್' ಬಂದರೂ ಮುಂದಿನ ಸರದಿ ತಪ್ಪಿಸಬೇಡಿ. 'ಪಾಸಿಟಿವ್' ಬಂದರೆ ಇದನ್ನೇ ಮತ್ತೊಮ್ಮೆ ಮಾಡಿಸಿ ನೋಡೋಣವೆಂದು ಕೂರದೆ ಕೊಲೊನೋಸ್ಕೋಪಿಗೆ ದಿನ ಗೊತ್ತುಮಾಡಿ.