ಬೆಟ್ಟದಲ್ಲಿ ನೆಲ ನಡುಗಿದರೆ ತಲೆ ಎತ್ತಿ ನೋಡಿ

ಬೆಳಗಿನ ಜಾವ ನಾಲ್ಕೂವರೆ. ಬೆಟ್ಟದೂರಿನ ಲಾಡ್ಜ್, ಎರಡನೇ ಮಹಡಿ. ಮೊದಲು ಕಿಟಕಿಯ ಚಿಲಕ ಟಕಟಕ ಅಂದಿತು. ಗಾಳಿ ಇರಬೇಕು ಅಂದುಕೊಂಡೆ. ಮೂರು ಸೆಕೆಂಡ್ ಕಳೆದಿರಬಹುದು, ಮಂಚವನ್ನು ಯಾರೋ ಅತ್ತ ಇತ್ತ ಎಳೆದಾಡಿದ ಹಾಗಾಯಿತು. ಸ್ಟೀಲ್ ಬಾಟಲಿ ಠಣ್ ಅಂತ ಬಿತ್ತು. ನಾನು ಬರಿಗಾಲಲ್ಲೇ ಕತ್ತಲ ಮೆಟ್ಟಿಲಿಳಿದು ಓಡಿ ಕಾಲು ಉಳುಕಿಸಿಕೊಂಡೆ. ಅಷ್ಟರಲ್ಲಿ ಎಲ್ಲಾ ನಿಂತೇ ಹೋಗಿತ್ತು!

ಓಡಬಾರದಿತ್ತು. ಮಂಚದ ಮೇಲಿದ್ದರೆ ಅಲ್ಲೇ ಬೋರಲು ಮಲಗಿ, ತಲೆ, ಕುತ್ತಿಗೆ ಮೇಲೆ ದಿಂಬು ಒತ್ತಿಕೊಳ್ಳಿ. ಎದ್ದಿದ್ದರೆ ಗಟ್ಟಿ ಮೇಜಿನ ಕೆಳಗೆ ನುಸುಳಿ ಅದರ ಕಾಲು ಹಿಡಿದುಕೊಳ್ಳಿ. ಆ ಮೊದಲ ಟಕಟಕವೇ ಮುನ್ಸೂಚನೆ. ಅದನ್ನು ತರುವುದು ಭೂಕಂಪದಿಂದ ಹೊರಟು ಮೊದಲು ತಲುಪುವ ಪಿ ಅಲೆ. ಅದು ಸೆಕೆಂಡಿಗೆ ಸುಮಾರು 6 ಕಿ.ಮೀ. ಓಡುತ್ತದೆ, ಹಿಂದೆ ಬಂದು ಜೋರಾಗಿ ಅಲುಗಿಸುವ ಎಸ್ ಅಲೆ ಸುಮಾರು 3.5 ಕಿ.ಮೀ. ಎರಡರ ನಡುವೆ 3 ಸೆಕೆಂಡ್ ಸಿಕ್ಕಿತು ಅಂದರೆ ಭೂಕಂಪ ಹುಟ್ಟಿದ್ದು ಹೆಚ್ಚುಕಡಿಮೆ 25 ಕಿ.ಮೀ. ದೂರದಲ್ಲಿ.

ನಡುಕ ನಿಂತ ಮೇಲೆ ಶೂ ಹಾಕಿ, ಟಾರ್ಚ್ ಹಿಡಿದು ಹೊರಗೆ ಬನ್ನಿ. ಒಡೆದ ಗಾಜು ಕಾಲಿಗೆ ಚುಚ್ಚೀತು. ಹೊರಗೆ ಬಂದವರೆಲ್ಲ ಫೋನ್ ನೋಡುತ್ತಾರೆ. ನೀವು ಗುಡ್ಡ ನೋಡಿ. ಬೆಟ್ಟದಲ್ಲಿ ನನಗೆ ಭಯ ಇರುವುದು ನಡುಕದ್ದಲ್ಲ, ಅದು ಸಡಿಲ ಮಾಡಿಟ್ಟ ಕಲ್ಲಿನದು. 1970ರಲ್ಲಿ ಪೆರುವಿನಲ್ಲಿ ಭೂಕಂಪ ಆದದ್ದು ಸಮುದ್ರದ ಕಡೆ. ಆದರೆ ಯುಂಗಾಯ್ ಊರನ್ನು ಮುಚ್ಚಿದ್ದು ಹುಅಸ್ಕರಾನ್ ಶಿಖರದಿಂದ ಇಳಿದ ಹಿಮ, ಬಂಡೆ. ಅದು ಭಾರೀ ಕಂಪನ, ನಿಜ. ಸಣ್ಣದಕ್ಕೂ ಹಿಡಿ ಗಾತ್ರದ ಕಲ್ಲು ಉರುಳೀತು, ತಲೆಗೆ ಅಷ್ಟೇ ಸಾಕಲ್ವಾ?

ಹಾಗಾಗಿ ಬಂಡೆ ಬುಡದಲ್ಲಿ, ಕಮರಿಯ ಬಾಯಲ್ಲಿ ನಿಲ್ಲಬೇಡಿ. ಗುಡ್ಡದ ನೆತ್ತಿಯ ಅಂಚೂ ಬೇಡ, ಅಲ್ಲಿ ಅಲುಗಾಟ ಜಾಸ್ತಿ. ಗಾಡಿಯಲ್ಲಿದ್ದರೆ ಸೇತುವೆ, ಕರೆಂಟ್ ತಂತಿ, ಕಡಿದ ಗುಡ್ಡ ದಾಟಿ ನಿಲ್ಲಿಸಿ. ಹೊಳೆ ನೀರು ಇದ್ದಕ್ಕಿದ್ದಂತೆ ಇಳಿದರೆ ಫೋಟೊ ತೆಗೆಯುತ್ತಾ ನಿಲ್ಲಬೇಡಿ. ಮೇಲೆಲ್ಲೋ ಮಣ್ಣು ಕುಸಿದು ನೀರು ಕಟ್ಟಿಕೊಂಡಿರಬಹುದು, ಅದು ಒಡೆದರೆ ಒಟ್ಟಿಗೇ ನುಗ್ಗುತ್ತದೆ. ದಡ ಬಿಟ್ಟು ಎತ್ತರಕ್ಕೆ ಹೋಗಿ. ಮನೆಗೆ ಒಂದು ಮೆಸೇಜ್ ಹಾಕಿ, ಕಾಲ್ ಹತ್ತದಿದ್ದರೂ ಅದು ಹೋಗುವ ಸಾಧ್ಯತೆ ಹೆಚ್ಚು.

ಅವತ್ತು ನಮ್ಮ ಡ್ರೈವರ್ ಬೆಳಕು ಹರಿಯುವವರೆಗೂ ಗಾಡಿ ತೆಗೆಯಲಿಲ್ಲ. ನಾನು ಗೊಣಗಿದೆ. ಮೂರನೇ ತಿರುವಿನಲ್ಲಿ, ರಸ್ತೆ ಮಧ್ಯೆ, ಕುಕ್ಕರ್ ಗಾತ್ರದ ಕಲ್ಲು ಬಿದ್ದಿತ್ತು. ಒಂದು ಬದಿಗೆ ಇನ್ನೂ ಹಸಿ ಮಣ್ಣು ಅಂಟಿಕೊಂಡಿತ್ತು.