70 ಸಾವಿರದೊಳಗೆ ಸ್ಟೀರಿಯೋ: ಟೇಪು ಹಿಡ್ದು ರೂಮ್ ಅಳೆದು ಸ್ಪೀಕರ್ ತಗೊಂಡ ನನ್ನ ಅನುಭವ

ಯಾವ ಸ್ಪೀಕರ್ ತಗೊಳ್ಳಿ ಅಂತ ಕೇಳೋರಿಗೆ ನಾನು ತಿರುಗಿ ಕೇಳೋದು ಒಂದೇ, ನಿಮ್ಮ ರೂಮ್ ಎಷ್ಟುದ್ದ ಎಷ್ಟಗಲ ಹೇಳಿ ಅಂತ. ಬಜೆಟ್ ಹೇಳ್ತಾರೆ, ಬ್ರ್ಯಾಂಡ್ ಹೇಳ್ತಾರೆ, ಇಷ್ಟು ವ್ಯಾಟ್ ಇರ್ಲೇಬೇಕು ಅಂತಾರೆ, ಅಳತೆ ಮಾತ್ರ ಯಾರಿಗೂ ಗೊತ್ತಿರಲ್ಲ. ಹೋದ ವರ್ಷ ನಮ್ಮನೆಗೆ ಒಂದು ಜೊತೆ ತಗೊಂಡೆ, ಆಂಪ್ಲಿಫೈಯರ್, ಸ್ಟ್ಯಾಂಡು, ವೈರು ಎಲ್ಲಾ ಸೇರಿ 70 ಸಾವಿರದೊಳಗೆ ಮುಗೀಬೇಕು ಅಂತ ಲೆಕ್ಕ ಹಾಕ್ಕೊಂಡಿದ್ದೆ, ಮುಗೀತು ಕೂಡ. ಹೆಂಗೆ ಆರಿಸ್ದೆ ಅನ್ನೋದನ್ನ ಬರೀತಿದೀನಿ, ನಿಮ್ಮ ರೂಮ್ ಬೇರೆ ಇದ್ರೆ ನಿಮ್ಮ ಉತ್ತರಾನೂ ಬೇರೆ ಆಗುತ್ತೆ, ಅದಂತೂ ಖಂಡಿತ.

ಮೈಸೂರಲ್ಲಿ ನಮ್ಮದು ಹಳೇ ಕಾಲದ ಮನೆ. ಹಾಡು ಕೇಳೋ ರೂಮು 12 ಅಡಿ ಉದ್ದ, 10 ಅಡಿ ಅಗಲ, ತಾರಸೀನೂ ಹತ್ತತ್ರ 10 ಅಡಿ ಎತ್ತರದಲ್ಲೇ ಇದೆ. ಶಬ್ದ ಸೆಕೆಂಡಿಗೆ ಸುಮಾರು 1130 ಅಡಿ ಹೋಗುತ್ತೆ, ಅದನ್ನ ಎರಡು ಗೋಡೆ ನಡುವಿನ ದೂರದ ಎರಡರಷ್ಟರಿಂದ ಭಾಗಿಸಿದ್ರೆ ರೂಮು ತಾನೇ ಯಾವ ಸ್ವರಕ್ಕೆ ಗುಂಯ್ ಅಂತ ದನಿಗೂಡ್ಸುತ್ತೆ ಅನ್ನೋದು ಸಿಗುತ್ತೆ. 12 ಅಡಿಗೆ 47 ಹರ್ಟ್ಸ್ (ಅಂದ್ರೆ ಸೆಕೆಂಡಿಗೆ 47 ಕಂಪನ) ಬಂತು, 10 ಅಡಿಗೆ 56. ಇಲ್ಲೇ ತೊಂದ್ರೆ ಇರೋದು, ನಮ್ಮ ರೂಮಿನ ಅಗಲ ಎತ್ತರ ಎರಡೂ ಒಂದೇ ಆದ್ರಿಂದ 56 ಹರ್ಟ್ಸ್ ಹತ್ರ ಎರಡು ಗುಂಯ್ ಒಂದರ ಮೇಲೊಂದು ಕೂರುತ್ತೆ. ಬೇಸ್ ಗಿಟಾರ್‌ನ ಎ ತಂತಿ 55 ಹರ್ಟ್ಸು, ಅಂದ್ರೆ ಆ ಒಂದು ಸ್ವರ ಬಂದಾಗೆಲ್ಲಾ ಕಿಟಕಿ ಸರಳು ಸಮೇತ ಗಡಗಡ ಅನ್ನುತ್ತೆ, ಪಕ್ಕದ ಸ್ವರ ಬಂದ್ರೆ ಸುಮ್ನಿರುತ್ತೆ. ಇದಕ್ಕೆ ಎಷ್ಟು ದುಬಾರಿ ಸ್ಪೀಕರ್ ತಂದ್ರೂ ಮದ್ದಿಲ್ಲ, ದೊಡ್ಡ ಸ್ಪೀಕರ್ ತಂದ್ರೆ ಇನ್ನೂ ಜಾಸ್ತೀನೇ ಆಗುತ್ತೆ.

ಹಂಗಾಗಿ ನೆಲದ ಮೇಲೆ ನಿಲ್ಲೋ ಟವರ್ ಸ್ಪೀಕರ್‌ಗಳನ್ನ ಅಂಗಡಿಗೆ ಹೋಗೋಕ್ಕೂ ಮುಂಚೇನೇ ಪಟ್ಟಿಯಿಂದ ತೆಗೆದ್ಬಿಟ್ಟೆ. ಅದೇ ದುಡ್ಡಿಗೆ ಟವರ್ ಬರುತ್ತಲ್ಲ ಸಾರ್, ನೋಡೋಕ್ಕೂ ಗ್ರ್ಯಾಂಡ್ ಆಗಿರುತ್ತೆ ಅಂತ ಎಲ್ಲಾ ಕಡೆ ಹೇಳ್ತಾರೆ. ಬರುತ್ತೆ ನಿಜ, ಆದ್ರೆ ಒಂದೇ ಬೆಲೆಯಲ್ಲಿ ಟವರ್ ಅಂದ್ರೆ ದುಡ್ಡಿನ ದೊಡ್ಡ ಪಾಲು ಮರದ ಪೆಟ್ಟಿಗೆಗೆ, ಅದನ್ನ ಸಾಗ್ಸೋ ಖರ್ಚಿಗೆ ಹೋಗಿರುತ್ತೆ. ಬುಕ್‌ಶೆಲ್ಫ್ ಸೈಜಿಂದಾದ್ರೆ (ಸ್ಟ್ಯಾಂಡ್ ಇಲ್ಲಾ ಶೆಲ್ಫ್ ಮೇಲೆ ಕೂರೋ ಚಿಕ್ಕದು) ಒಳಗೆ ಸದ್ದು ಮಾಡೋ ಡ್ರೈವರು, ಅವಕ್ಕೆ ಸ್ವರ ಹಂಚೋ ಕ್ರಾಸೋವರ್‌ಗೆ ಉಳಿಯುತ್ತೆ.

ಇನ್ನೊಂದು ಲೆಕ್ಕ ನಾವು ಏನು ಕೇಳ್ತೀವಿ ಅನ್ನೋದು. ನಮ್ಮನೇಲಿ ಬೆಳಗ್ಗೆ ಮನ್ಸೂರರು, ಗಂಗೂಬಾಯಿ, ಸಂಜೆ ದೊರೆಸ್ವಾಮಿ ಅಯ್ಯಂಗಾರರ ವೀಣೆ, ಭಾನುವಾರ ಹಳೇ ಕನ್ನಡ ಸಿನಿಮಾ ಹಾಡು, ನಮ್ಮ ಮಗ ಬಂದ್ರೆ ಅವನ ಢಂ ಢಂ. ಗಂಡಸರ ಶ್ರುತಿ ಹಾರ್ಮೋನಿಯಂನಲ್ಲಿ ಕರಿ ಒಂದು ಅಂತ ಇಟ್ಕೊಳಿ, ಅದರ ಮಧ್ಯ ಷಡ್ಜ ಸುಮಾರು 138 ಹರ್ಟ್ಸು, ತಂಬೂರಿಯ ಕೊನೇ ತಂತಿ ಮಂದ್ರ ಷಡ್ಜ ಅದರರ್ಧ, 69. ಅಂದ್ರೆ 65ರ ತನಕ ಪ್ರಾಮಾಣಿಕವಾಗಿ ಇಳಿಯೋ ಸ್ಪೀಕರ್ ಇದ್ರೆ ನಮ್ಮನೇಲಿ ಕೇಳೋ ಮುಕ್ಕಾಲು ಪಾಲು ಸಂಗೀತಕ್ಕೆ ಏನೂ ಕಮ್ಮಿ ಆಗಲ್ಲ, ಅದಕ್ಕಿಂತ ಕೆಳಗೆ ನಮ್ಮ ರೂಮಿನ 56 ಕಾಯ್ತಾ ಕೂತಿದೆ, ಅಲ್ಲಿಗೆ ಜೋರಾಗಿ ಇಳಿಯೋ ಸ್ಪೀಕರ್ ನನಗೆ ಬೇಡ್ವೇ ಬೇಡ. ಮಗನ ಢಂ ಢಂಗೆ ಹೆಡ್‌ಫೋನ್ ಇದೆ.

ವ್ಯಾಟ್ ವಿಷ್ಯ ಬೇಗ ಮುಗಿಸ್ತೀನಿ. ನಮ್ಮ ಕಾಲದಲ್ಲಿ ಟೇಪ್‌ರೆಕಾರ್ಡರ್ ಡಬ್ಬದ ಮೇಲೆ ಪಿಎಂಪಿಓ (ಕ್ಷಣಮಾತ್ರದ ಗರಿಷ್ಠ ಶಕ್ತಿ) ಅಂತ ಸಾವಿರಗಟ್ಲೆ ವ್ಯಾಟ್ ಬರೆದಿರ್ತಿದ್ರು, ಅದರ ಗುಂಗು ಇನ್ನೂ ಹೋಗಿಲ್ಲ. ಸ್ಪೀಕರ್‌ನಲ್ಲಿ ನೋಡ್ಬೇಕಾದ್ದು ಸೆನ್ಸಿಟಿವಿಟಿ, ಅಂದ್ರೆ 2.83 ವೋಲ್ಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಬರುತ್ತೆ ಅನ್ನೋದು. 8 ಓಮ್ (ಕರೆಂಟಿಗೆ ಸ್ಪೀಕರ್ ಒಡ್ಡೋ ತಡೆಯ ಅಳತೆ) ಸ್ಪೀಕರ್‌ಗೆ 2.83 ವೋಲ್ಟ್ ಅಂದ್ರೆ ಸರಿಯಾಗಿ 1 ವ್ಯಾಟು, 4 ಓಮ್‌ನದ್ದಕ್ಕೆ ಅದೇ 2 ವ್ಯಾಟ್ ಆಗುತ್ತೆ, ಆದ್ರಿಂದ 4 ಓಮ್ ಸ್ಪೀಕರ್ ಪೇಪರ್ ಮೇಲೆ 3 ಡೆಸಿಬೆಲ್ ಜಾಸ್ತಿ ತೋರಿಸ್ತಿದೆ ಅಂದ್ರೆ ಹಿಗ್ಗೋ ಹಂಗಿಲ್ಲ. 88 ಡೆಸಿಬೆಲ್‌ನ ಒಂದು ಜೊತೆಗೆ ಒಂದೊಂದು ವ್ಯಾಟ್ ಕೊಟ್ಟು 7 ಅಡಿ ದೂರ ಕೂತ್ರೆ ಸಲೀಸಾಗಿ 84ರಷ್ಟು ಬರುತ್ತೆ, ಮನೆಯವ್ರು ಸೌಂಡ್ ಕಮ್ಮಿ ಮಾಡಿ ಅನ್ನೋ ಮಟ್ಟ ಅದು. 3 ಡೆಸಿಬೆಲ್ ಜಾಸ್ತಿ ಬೇಕು ಅಂದ್ರೆ ವ್ಯಾಟ್ ಡಬಲ್ ಮಾಡ್ಬೇಕು, ಅಷ್ಟು ಮಾಡಿದ್ರೂ ಕಿವಿಗೆ ಇಷ್ಟೇ ಇಷ್ಟು ಜಾಸ್ತಿ ಅನ್ಸುತ್ತೆ. 50-60 ವ್ಯಾಟ್ ಇರೋ ಮರ್ಯಾದಸ್ಥ ಆಂಪ್ ಇಂಥ ರೂಮಿಗೆ ಧಾರಾಳ.

ಕೇಳಿ ನೋಡೋಕೆ ಬೆಂಗಳೂರಿಗೆ ಹೋದೆ, ಮೈಸೂರಲ್ಲಿ ಟಿವಿ ಅಂಗಡಿಯವ್ರು ಇಟ್ಟಿರೋದು ಸೌಂಡ್‌ಬಾರೇ ಜಾಸ್ತಿ. ಎಸ್‌ಪಿ ರೋಡಲ್ಲಿ ವೈರು, ಪಿನ್ನು, ಬಿಡಿ ಸಾಮಾನಿಗೆ ಅಡ್ಡಾಡ್ಬೋದು, ಆದ್ರೆ ಆ ಗಲಾಟೇಲಿ ನಿಂತು ಸ್ಪೀಕರ್ ಕೇಳಿ ತೀರ್ಮಾನ ಮಾಡೋಕಾಗಲ್ಲ, ಡೆಮೋ ರೂಮ್ ಇರೋ ಅಂಗಡೀನೇ ಬೇಕು, ಫೋನ್ ಮಾಡಿ ಮಧ್ಯಾಹ್ನದ ಹೊತ್ತು ಹೋದ್ರೆ ಆರಾಮಾಗಿ ಕೂರಿಸ್ತಾರೆ. ಒಂದು ಕಡೆ ಗೋಡೆ ತುಂಬ ಶೆಲ್ಫು, ಶೆಲ್ಫ್ ತುಂಬ ಸ್ಪೀಕರು, ರಿಮೋಟ್ ಒತ್ತಿ ಇದು ಕೇಳಿ ಸಾರ್ ಅದು ಕೇಳಿ ಸಾರ್ ಅಂತ ಬದಲಾಯಿಸ್ತಾ ಹೋದ್ರು. ಹಂಗೆ ಮಾಡಿದಾಗ ಯಾವ್ದು ಜೋರಾಗಿದ್ಯೋ ಅದೇ ಚೆನ್ನಾಗಿದೆ ಅನ್ಸುತ್ತೆ, ಅದು ಎಲ್ಲರ ಕಿವಿಯ ಹಣೆಬರಹ. ಅದಕ್ಕೆ ಫೋನಲ್ಲಿ ಡೆಸಿಬೆಲ್ ಅಳೆಯೋ ಆ್ಯಪ್ ಹಾಕ್ಕೊಂಡು, ಪಿಂಕ್ ನಾಯ್ಸ್ ಅಂತ ಶ್ ಅನ್ನೋ ಒಂದು ಫೈಲ್ ಇರುತ್ತೆ ಅದನ್ನ ನುಡಿಸಿ, ಎರಡೂ ಜೊತೆ ಒಂದೇ ಮಟ್ಟಕ್ಕೆ ಬರೋ ಹಂಗೆ ವಾಲ್ಯೂಮ್ ಗುರುತು ಮಾಡ್ಕೊಂಡೆ. ಆ್ಯಪ್ ತೋರ್ಸೋ ನಂಬರ್ ನಿಖರ ಇರ್ಬೇಕು ಅಂತೇನಿಲ್ಲ, ಎರಡಕ್ಕೂ ಒಂದೇ ಇದ್ರೆ ಸಾಕು. ಅಂಗಡಿ ಹುಡುಗ ಮೊದ್ಲು ವಿಚಿತ್ರವಾಗಿ ನೋಡ್ದ, ಆಮೇಲೆ ಅವನೇ ಪಕ್ಕ ಬಂದು ಕೂತ.

ಏನು ಹಾಕಿ ಕೇಳ್ಬೇಕು ಅನ್ನೋದು ಮುಖ್ಯ. ಅಂಗಡಿಯವ್ರು ಹಾಕೋ ಡೆಮೋ ಹಾಡಲ್ಲಿ ಎಲ್ಲಾ ಸ್ಪೀಕರೂ ಚೆನ್ನಾಗೇ ಕೇಳುತ್ತೆ, ಅದಕ್ಕೇ ಅದನ್ನ ಹಾಕೋದು. ನಾನು ಮೊದ್ಲು ಹಾಕಿದ್ದು ಹಾಡೇ ಅಲ್ಲ, ಮಾತು. ನಮ್ಮ ಮನೆಯವ್ಳು ಪೇಪರ್ ಓದ್ತಿದ್ದಿದ್ದನ್ನ ಒಂದ್ಸಲ ರೆಕಾರ್ಡ್ ಮಾಡಿಟ್ಕೊಂಡಿದ್ದೆ. ದಿನಾ ಕೇಳೋ ದನಿ, ಅದರಲ್ಲಿ ಒಂಚೂರು ಹೆಚ್ಚುಕಮ್ಮಿ ಆದ್ರೂ ಕಿವಿ ಹಿಡಿಯುತ್ತೆ. ಸ, ಶ ಅಕ್ಷರಗಳು ಚುಚ್ಚಿದ್ರೆ ಎತ್ತರದ ಸ್ವರ ನುಡಿಸೋ ಟ್ವೀಟರ್ ಜೋರಿದೆ ಅಂತ ಅರ್ಥ, ದನಿ ಮೂಗಿನಿಂದ ಬಂದಂಗಿದ್ರೆ ಮಧ್ಯದ ಸ್ವರಗಳಲ್ಲಿ ಗುಡ್ಡ ಎದ್ದಿದೆ, ನಮ್ಮವ್ಳಿಗೆ ಶೀತ ಆಗಿ ಎದೆ ಕಟ್ಟಿದಂಗೆ ಕೇಳಿದ್ರೆ ಪೆಟ್ಟಿಗೆಯೇ ಅದುರ್ತಿದೆ. ಬಿಬಿಸಿ ಎಂಜಿನಿಯರುಗಳೂ ಮಾತಿನ ದನಿಗೆ ಹಿಂಗೇ ಮಹತ್ವ ಕೊಡ್ತಿದ್ರು. 1970ರ ದಶಕದಲ್ಲಿ ಹೊರಗಡೆ ಪ್ರಸಾರದ ವ್ಯಾನ್ ಒಳಗೆ ಇಡೋಕೆ ಅಂತ ಅವ್ರು ಮಾಡಿದ ಎಲ್‌ಎಸ್ ತ್ರೀ ಫೈವ್ ಎ ಅನ್ನೋದು ಬರೀ 5 ಲೀಟರ್ ಪೆಟ್ಟಿಗೆ, ತಳದ ಬೇಸ್ ಇಲ್ವೇ ಇಲ್ಲ, ಆದ್ರೂ ಮನುಷ್ಯರ ದನಿಗೆ ಇವತ್ತಿಗೂ ಅದನ್ನ ಹುಡುಕ್ಕೊಂಡು ಹೋಗೋರಿದ್ದಾರೆ.

ಎರಡನೇದು ಹಳೇ ಸಿನಿಮಾ ಹಾಡು, ಪಿ.ಬಿ. ಶ್ರೀನಿವಾಸ್ ದನಿ. ಆ ಕಾಲದ್ದು ಮಾನೋ ರೆಕಾರ್ಡಿಂಗು, ಎಡಗಡೆ ಬಲಗಡೆ ಒಂದೇ ಸಿಗ್ನಲ್ ಹೋಗುತ್ತೆ, ಆದ್ರಿಂದ ದನಿ ಎರಡು ಸ್ಪೀಕರ್ ಮಧ್ಯೆ ಖಾಲಿ ಜಾಗದಲ್ಲಿ ಮೊಳೆ ಹೊಡ್ದಂಗೆ ನಿಲ್ಬೇಕು. ಎತ್ತರದ ಸ್ವರಕ್ಕೆ ಹೋದಾಗ ಬಲಕ್ಕೆ ಜಾರಿ, ಇಳಿದಾಗ ವಾಪಸ್ ಬಂದ್ರೆ ಆ ಜೊತೆಯಲ್ಲಿ ಎರಡೂ ಒಂದೇ ಥರ ಇಲ್ಲ. ದನಿ ಎಲ್ಲೂ ನಿಲ್ದೆ ತಲೆ ಸುತ್ತಾ ಹರಡ್ಕೊಂಡು, ಬೇಸ್ ಮಾಯ ಆಗಿದ್ರೆ ಒಂದು ಸ್ಪೀಕರ್‌ನ ಕೆಂಪು ಕಪ್ಪು ವೈರು ಅದಲು ಬದಲಾಗಿದೆ, ಅದನ್ನ ಸರಿ ಮಾಡ್ಸಿ ಮತ್ತೆ ಕೇಳಿ. ಆಮೇಲೆ ವೀಣೆ, ಮೀಟಿದ ಏಟು ಬೇರೆ, ಅದರ ಹಿಂದೆ ಉಳಿಯೋ ನಾದ ಬೇರೆ ಕೇಳ್ಬೇಕು. ಕೊನೇಲಿ ಮೃದಂಗದ ಎಡಮುಖ. ರವೆ ಹಚ್ಚಿದ ತೊಗಲಿನ ಆ ಗುಮ್ಕಿ ಸುಯ್ ಅಂತ ಏರಬೇಕು, ಎಲ್ಲಾ ಏಟೂ ಒಂದೇ ಥರ ಧಬ್ ಧಬ್ ಅಂದ್ರೆ ಅದು ಬೇಸ್ ಅಲ್ಲ, ಪೆಟ್ಟಿಗೆಯ ಸದ್ದು.

ಎಲಾಕ್ ಡೆಬ್ಯೂ ಬಿ6.2, ಕ್ಯೂ ಅಕೌಸ್ಟಿಕ್ಸ್ 3020ಐ, ವಾರ್ಫ್‌ಡೇಲ್ ಡೈಮಂಡ್ 12.1, ಅದರಣ್ಣ 12.2, ಕೆಇಎಫ್ ಕ್ಯೂ150 ಇಷ್ಟು ನನ್ನ ಪಟ್ಟಿ. ನಮ್ಮ ದೇಶದ್ದು ತಗೊಳ್ಳೋಣ ಅನ್ನೋರಿಗೆ ಕೋಲ್ಕತ್ತದ ಸೋನೋಡೈನ್ ಇದೆ, ನಾನು ಹೋದ ಕಡೆ ಕೇಳೋಕೆ ಸಿಗ್ಲಿಲ್ಲ. ಆಂಡ್ರೂ ಜೋನ್ಸ್ ಡಿಸೈನ್ ಮಾಡಿದ ಎಲಾಕ್ ದನಿ ನನಗೆ ತುಂಬ ಹಿಡಿಸ್ತು, ಬೇಸ್ ನುಡಿಸೋ ಊಫರು ಆರೂವರೆ ಇಂಚು, ಆದ್ರೆ ಬೇಸ್ ನಮ್ಮ ರೂಮಿಗೆ ದೊಡ್ಡದಾಯ್ತು. ಬಿ6.2ರಲ್ಲಿ ಗಾಳಿ ತೂತು ಮುಂದಿದೆ ಸಾರ್, ಗೋಡೆಗೆ ಅಂಟಿಸಿದ್ರೂ ತೊಂದ್ರೆ ಇಲ್ಲ ಅಂದ್ರು. ಇದು ಅರ್ಧ ಸತ್ಯ. ಬೇಸ್ ಅನ್ನೋದು ತೂತು ಯಾವ ಕಡೆ ಇದ್ರೂ ಪೆಟ್ಟಿಗೆ ಸುತ್ತ ಎಲ್ಲಾ ದಿಕ್ಕಿಗೂ ಹರಡುತ್ತೆ, ಹಿಂದೆ ಗೋಡೆ ಇದ್ರೆ ಅದು ತಳ್ಳಿ ಹೆಚ್ಚಿಸೇ ಹೆಚ್ಚಿಸುತ್ತೆ. ತೂತು ಹಿಂದಿದ್ರೆ ಉಸಿರಾಡೋಕೆ ಒಂದು ಗೇಣು ಜಾಗ ಬೇಕು ಅನ್ನೋದಷ್ಟೇ ವ್ಯತ್ಯಾಸ. ಕೆಇಎಫ್‌ನಲ್ಲಿ ಟ್ವೀಟರ್ ಊಫರ್ ಮಧ್ಯದಲ್ಲೇ ಕೂತಿರೋದ್ರಿಂದ ದನಿ ನಿಲ್ಲೋ ಜಾಗ ಅದ್ಭುತ, ಹತ್ರ ಕೂತು ಕೇಳೋರಿಗೆ ಅದನ್ನೇ ಹೇಳ್ತೀನಿ, ನನ್ನ ಬಜೆಟ್‌ಗೆ ಮಾತ್ರ ಅವತ್ತಿನ ರೇಟು ಕೂಡ್ಲಿಲ್ಲ.

ಉಳಿದಿದ್ದು ಡೈಮಂಡ್ ಅಣ್ಣತಮ್ಮಂದಿರು. 12.2 ಕಂಪನಿ ಲೆಕ್ಕದಲ್ಲಿ 50 ಹರ್ಟ್ಸ್ ತನಕ ಇಳಿಯುತ್ತೆ, 12.1 ಮಾತ್ರ 65ರ ತನಕ. ಅಂಗಡಿಯ ದೊಡ್ಡ ರೂಮಲ್ಲಿ 12.2 ಹೆಚ್ಚು ತುಂಬಿದಂಗೆ ಕೇಳ್ತು, ಬೆಲೆ ವ್ಯತ್ಯಾಸಾನೂ ಮಹಾ ಅಲ್ಲ, ಯಾರಾದ್ರೂ ಅದನ್ನೇ ತಗೋತಿದ್ರು. ನಾನು 12.1 ಕಟ್ಟಿಸ್ಕೊಂಡು ಬಂದೆ. 5 ಇಂಚಿನ ಊಫರ್, 8 ಓಮ್, 88 ಡೆಸಿಬೆಲ್. ತಂಬೂರಿ 69 ಬರುತ್ತೆ, 56ಕ್ಕೆ ಹೋಗೋಷ್ಟರಲ್ಲಿ ಸ್ಪೀಕರ್ ತಾನೇ ತಗ್ಗುತ್ತೆ, ತಗ್ಗಿದ್ದನ್ನ ರೂಮು ಎತ್ತಿ ಕೊಡುತ್ತೆ. ಮನೇಲಿ ಕೇಳಿದ್ರೆ 5 ಇಂಚಿಂದ ಇಷ್ಟು ಬೇಸಾ ಅಂತಾರೆ ಬಂದವ್ರು. ಆಂಪು ಯಮಹಾ ಎ-ಎಸ್301, ಟಿವಿಯಿಂದ ನೇರ ಆಪ್ಟಿಕಲ್ ವೈರ್ ಹಾಕ್ಬೋದು, ಲೌಡ್‌ನೆಸ್ ತಿರುಗಣೆ ಇದೆ, ರಾತ್ರಿ ಸಣ್ಣ ಸೌಂಡಲ್ಲಿ ಕೇಳ್ವಾಗ ಅದು ನಿಜವಾಗ್ಲೂ ಕೆಲ್ಸಕ್ಕೆ ಬರುತ್ತೆ.

ಸ್ಟ್ಯಾಂಡಿಗೆ ರೆಡಿಮೇಡ್ ರೇಟ್ ಕೇಳಿ ಬೆಚ್ಚಿಬಿದ್ದು ನಮ್ಮ ಬೀದಿ ಕೊನೆಯ ವೆಲ್ಡಿಂಗ್ ಅಂಗಡಿಗೆ ಹೋದೆ. ಸೋಫಾ ಮೇಲೆ ಕೂತಾಗ ನೆಲದಿಂದ ಕಿವಿ ಎಷ್ಟೆತ್ತರ ಅಳೆದು, ಟ್ವೀಟರ್ ಆ ಮಟ್ಟಕ್ಕೆ ಬರೋ ಹಂಗೆ ಲೆಕ್ಕ ಹಾಕಿದ್ರೆ ಸ್ಟ್ಯಾಂಡು 26 ಇಂಚು ಬಂತು. ದಪ್ಪ ಚೌಕ ಪೈಪು, ಮೇಲೆ ಕೆಳಗೆ ಪ್ಲೇಟು, ಕಪ್ಪು ಬಣ್ಣ. ಪೈಪೊಳಗೆ ಚೆನ್ನಾಗಿ ಒಣಗಿಸಿದ ಎಂ-ಸ್ಯಾಂಡ್ ತುಂಬ್ಸಿದೆ, ಇಲ್ದಿದ್ರೆ ಬೆರಳಲ್ಲಿ ತಟ್ಟಿದ್ರೆ ಟಣ್ ಅನ್ನುತ್ತೆ, ಆ ಟಣ್ ಹಾಡಿಗೂ ಸೇರುತ್ತೆ. ತುಕ್ಕು ಹಿಡಿಯುತ್ತೆ, ಹಸಿ ಮರಳು ಮಾತ್ರ ಹಾಕ್ಬೇಡಿ.

ಸ್ಪೀಕರ್ ಎರಡರ ಮಧ್ಯೆ 6 ಅಡಿ, ನಾನು ಕೂರೋದು 7 ಅಡಿ ದೂರ, ಹಿಂದಿನ ಗೋಡೆಗೆ ಒಂದೂಕಾಲು ಅಡಿ ಬಿಟ್ಟಿದೀನಿ. ಸೋಫಾನ ಗೋಡೆಗೆ ಒತ್ತಿ ಇಡೋದು ನಮ್ಮೆಲ್ಲರ ಅಭ್ಯಾಸ, ಆದ್ರೆ ಗೋಡೆ ಹತ್ರ ಬೇಸ್ ಉಬ್ಬುತ್ತೆ, ಸರಿಯಾಗಿ ರೂಮಿನ ನಡುಮಧ್ಯ ಕೂತ್ರೆ 47 ಹರ್ಟ್ಸ್ ಕಾಣೆಯಾಗುತ್ತೆ. ಎರಡರ ಮಧ್ಯೆ ಒಂದು ಜಾಗ ಹುಡುಕ್ಬೇಕು, ಸೋಫಾನ ಅಷ್ಟಷ್ಟೇ ಎಳೀತಾ ಹೋದ್ರೆ ಸಿಗುತ್ತೆ. ಇನ್ನೊಂದು, ರೂಮಲ್ಲಿ ನಿಂತು ಚಪ್ಪಾಳೆ ಹೊಡೀರಿ. ಜಿಂಯ್ ಅಂತ ಬಾಲ ಬಂದ್ರೆ ಬರೀ ಗೋಡೆ, ಟೈಲ್ಸ್, ಗಾಜಿನ ಶೋಕೇಸು ದನಿಯನ್ನ ಚೆಂಡಾಡ್ತಿದೆ. ನಮ್ಮಜ್ಜಿ ಕಾಲದ ನವಲಗುಂದದ ಜಮಖಾನ ಒಂದು ಟ್ರಂಕಲ್ಲಿತ್ತು, ಸ್ಪೀಕರ್ ಮುಂದೆ ಹಾಸಿದ್ವಿ, ಕಿಟಕಿಗೆ ದಪ್ಪ ಪರದೆ, ಹಿಂದಿನ ಗೋಡೆಗೆ ಪುಸ್ತಕದ ಬೀರು. ಆ ಜಿಂಯ್ ಹೋಯ್ತು, ಶ ಅಕ್ಷರ ಮೆತ್ತಗಾಯ್ತು. ಬಟ್ಟೆಯಿಂದ ಬೇಸ್ ಗುಂಯ್‌ಗೆ ಏನೂ ಆಗಲ್ಲ, ಅದಕ್ಕೆ ಜಾಗ ಬದಲಾಯ್ಸೋದೇ ಸುಲಭದ ದಾರಿ.

ವೈರಿಗೆ ದುಡ್ಡು ಸುರೀಬೇಡಿ. 2.5 ಚದರ ಮಿ.ಮೀ. ತಾಮ್ರದ ವೈರು, 3 ಮೀಟರ್ ದೂರಕ್ಕೆ ಹೋಗಿ ಬರೋದೆಲ್ಲಾ ಸೇರಿ 0.05 ಓಮ್ ಹತ್ತತ್ರ, 8 ಓಮ್ ಸ್ಪೀಕರ್ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಊಫರ್ ಸುತ್ತಿನ ಅಂಚನ್ನ ಮೆಲ್ಲಗೆ ಮುಟ್ಟಿ ನೋಡಿ, ರಬ್ಬರ್ ಆದ್ರೆ ಸುಮಾರು ವರ್ಷ ಬರುತ್ತೆ, ಫೋಮ್ ಆದ್ರೆ ಪುಡಿಪುಡಿ ಆಗಿರುತ್ತೆ, ಮಂಗಳೂರು ಉಡುಪಿ ಕಡೆ ತೇವಕ್ಕೆ ಇನ್ನೂ ಬೇಗ. ಸಣ್ಣ ಮಕ್ಕಳಿರೋ ಮನೇಲಿ ಮುಂದಿನ ಬಟ್ಟೆ ಗ್ರಿಲ್ ತೆಗೀಲೇಬೇಡಿ, ಟ್ವೀಟರ್ ಗುಂಡಗೆ ಇರೋದು ನೋಡಿದ್ರೆ ಬೆರಳು ಹಾಕ್ದೆ ಇರಲ್ಲ.

ಸಬ್‌ವೂಫರ್ (ಬರೀ ತಳದ ಬೇಸ್ ನುಡಿಸೋ ಸ್ಪೀಕರ್) ಯಾವಾಗ ತಗೋತೀರಿ ಅಂತ ನಮ್ಮ ಭಾವ ಬಂದಾಗೆಲ್ಲಾ ಕೇಳ್ತಾರೆ. ಸಬ್‌ವೂಫರ್ ಕೆಲ್ಸ ಮಾಡೋದೇ ನನ್ನ ರೂಮು ಗುಂಯ್ ಅನ್ನೋ ಜಾಗದಲ್ಲಿ ಭಾವ, ಅದೂ ಅಲ್ದೆ ಆ ಗೋಡೆ ಆಚೆ ಇರೋದು ಪಕ್ಕದ್ಮನೆಯವ್ರ ಬೆಡ್‌ರೂಮು ಅಂತ ಹೇಳಿ ಕಾಫಿ ಕೊಟ್ಟು ಕಳಿಸ್ತೀನಿ.